ಕೋಳಿ ತಟ್ಟೆಯ ಮೇಲೆ ಎಟ್ರುಸ್ಕನ್

ಎಲ್ಲ ಅನಾಹುತಕ್ಕೂ ಮೂಲ ಒಂದು ಸುಣ್ಣದ ಗೆರೆ.

ಬುಧವಾರ ಸಂಜೆ ಉಲ್ದೆರೀಕೊ ತನ್ನ ಹಿತ್ತಲಿನಲ್ಲಿ ಸುಣ್ಣದ ಪುಡಿ ಉದುರಿಸಿ ಒಂದು ದೊಡ್ಡ ಚೌಕ ಎಳೆದ. ಅಲ್ಲಿ ಎರಡಂತಸ್ತಿನ ಕಟ್ಟಡ ಎಬ್ಬಿಸುವುದು ಅವನ ಲೆಕ್ಕ: ಕೆಳಗೆ ಹಳೆಯ ಲಾರಿಗೊಂದು ಷೆಡ್ಡು, ಮೇಲೆ ತನ್ನ ತೂಬಾಕ್ಕೊಂದು ಕೋಣೆ. ಊರಿನ ಬ್ಯಾಂಡಿನಲ್ಲಿ ತೂಬಾ ಊದುವವನು ಅವನೇ. ಹಿತ್ತಾಳೆಯ ಆ ಭಾರಿ ಕಹಳೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಊದಿದರೆ, ಕೆಳಗಿನ ಕಣಿವೆಯ ಕುರಿಗಳು ಮಳೆ ಬಂತೆಂದು ಮನೆ ಕಡೆ ಹೊರಡುತ್ತಿದ್ದವು. ಹಾಗಾಗಿ ಪೊಜ್ಜೊಸೆಕ್ಕೊ ಊರಿನಲ್ಲಿ ಅವನ ಅಡ್ಡಹೆಸರು ಗುಡುಗು.

ಆ ಚೌಕದ ಒಂದು ಗೆರೆ ಪಕ್ಕದ ಮನೆಯ ಸೆತ್ತೀಮಿಯೊನ ಅಡುಗೆಮನೆ ಕಿಟಕಿಯಿಂದ ಸರಿಯಾಗಿ ನಾಲ್ಕು ಹೆಜ್ಜೆ ದೂರದಲ್ಲಿ ಹಾದುಹೋಗಿತ್ತು.

ಆ ಕಿಟಕಿಯ ಬಳಿ ಕೂತು ಸೆತ್ತೀಮಿಯೊನ ಹೆಂಡತಿ ಪಾಲ್ಮೀರಾ ಮೂವತ್ತೆಂಟು ವರ್ಷದಿಂದ ಊರಿನ ಬಟ್ಟೆ ಹೊಲಿಯುತ್ತಿದ್ದಳು. ಈಚೆಗೆ ಅವಳ ಕಣ್ಣು ಮಂದವಾಗಿತ್ತು. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಅಲ್ಲಿ ಬೀಳುವ ಬಿಸಿಲಿದ್ದರೆ ಮಾತ್ರ ಸೂಜಿಗೆ ದಾರ ಪೋಣಿಸಲು ಆಗುತ್ತಿತ್ತು. ಸುಣ್ಣದ ಗೆರೆಯ ಮೇಲೆ ಗೋಡೆ ಎದ್ದರೆ ಆ ಬಿಸಿಲು ಹೋದಂತೆಯೇ. ಅವಳು ಹೊಲಿಗೆ ಯಂತ್ರವನ್ನು ಅರ್ಧ ಗೇಣು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡಳು, ಅಷ್ಟೆ. ಆ ಅರ್ಧ ಗೇಣು ಸೆತ್ತೀಮಿಯೊನ ಎದೆಗೆ ನಾಟಿತು.

ಪಕ್ಕದವನ ಬಳಿ ಹೋಗಿ, "ನಿನ್ನ ಗೆರೆ ಸ್ವಲ್ಪ ಆ ಕಡೆ ಸರಿಸು ಮಾರಾಯ" ಎಂದು ಕೇಳಬಹುದಿತ್ತು. ಆದರೆ ಹನ್ನೊಂದು ವರ್ಷದ ಹಿಂದೆ ಚೆಂಡಾಟದಲ್ಲಿ ಯಾರ ಚೆಂಡು ಗುರಿಗೆ ಹತ್ತಿರವೆಂದು, ಉಲ್ದೆರೀಕೊನ ಮಾತು ನಂಬದೆ, ಸೆತ್ತೀಮಿಯೊ ಜೇಬಿನಿಂದ ದಾರ ತೆಗೆದು ಅಳೆದಿದ್ದ. ಅಂದಿನಿಂದ ಇಬ್ಬರ ನಡುವೆ "ನಮಸ್ಕಾರ" ಬಿಟ್ಟು ಬೇರೆ ಮಾತಿರಲಿಲ್ಲ. ಸಾಲದ್ದಕ್ಕೆ ಸೆತ್ತೀಮಿಯೊನ ಸ್ವಭಾವವೇ ಹಾಗೆ. ನಲವತ್ತು ವರ್ಷ ಅಂಚೆಯವನಾಗಿ ಊರಿನವರ ಮಾತನ್ನೆಲ್ಲ ಮನೆಮನೆಗೆ ಹೊತ್ತವನು, ತನ್ನದೊಂದು ಮಾತನ್ನು ಪಕ್ಕದ ಮನೆಗೆ ಮುಟ್ಟಿಸಲಾರ. ಹಿಂದೊಮ್ಮೆ ಒಂದು ಮದುವೆಯ ಕರೆಯೋಲೆಯನ್ನು ಆ ದಂಪತಿಗಳ ಮೊದಲ ಮಗುವಿನ ನಾಮಕರಣದ ದಿನ ತಲುಪಿಸಿದ್ದ. ತಪ್ಪು ರೈಲಿನದು ಎಂದು ಅವನು ಈಗಲೂ ಆಣೆಯಿಡುತ್ತಾನೆ. ಊರು ಕೇಳಲಿಲ್ಲ. ಅವತ್ತೇ ಬಸವನಹುಳು ಎಂದು ಹೆಸರಿಟ್ಟಿತು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ಬೂಟಿನೊಳಗೆ ಕಲ್ಲು ಹೊಕ್ಕಂತಾಗುತ್ತಿತ್ತು.

ಮರುದಿನ, ಗುರುವಾರ, ಬೆಳಗ್ಗೆ ಹನ್ನೊಂದು ಗಂಟೆಗೆ ಪಾಯ ಅಗೆಯುವುದೆಂದು ಗೊತ್ತಾಗಿತ್ತು. ನಮ್ಮ ಕಡೆ ಪಾಯ ಅಗೆಯುವಾಗ ಪ್ರಾಚ್ಯವಸ್ತು ಇಲಾಖೆಯವರು ಬಂದು ಪಕ್ಕದಲ್ಲಿ ನಿಲ್ಲಬೇಕು. ನೆಲದಿಂದ ಒಂದು ಹಳೆಯ ಮಡಕೆಯ ಚೂರು ಮೇಲೆದ್ದರೂ ಸಾಕು, ಸುತ್ತ ಪಟ್ಟಿ ಕಟ್ಟಿ ಹೋಗುತ್ತಾರೆ. ಆ ಗುಂಡಿ ಮೊಮ್ಮಕ್ಕಳ ಮದುವೆಯವರೆಗೂ ಗುಂಡಿಯಾಗಿಯೇ ಇರುತ್ತದೆ. ಅದಕ್ಕೇ ಏನಾದರೂ ಸಿಕ್ಕವರು ಅದನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು ಆಕಾಶ ನೋಡುವುದು ವಾಡಿಕೆ. ಇಲ್ಲದ್ದನ್ನು ತಾನಾಗಿ ಹೂಳಲು ಹೊರಟವನು ಈ ಸೀಮೆಯಲ್ಲೆಲ್ಲ ಸೆತ್ತೀಮಿಯೊ ಒಬ್ಬನೇ ಇರಬೇಕು.

ಬೆಳಕು ಹರಿಯುವ ಹೊತ್ತಿಗೆ ಅವನು ಕೋಳಿಗೂಡಿಗೆ ನುಗ್ಗಿದ. ಅಡುಗೆಮನೆ ಕಿಟಕಿಯ ಕೆಳಗೇ, ಗುಡ್ಡದ ಮೆದುಗಲ್ಲನ್ನು ಕೊರೆದು ಮಾಡಿದ ಗೂಡು ಅದು. ಅಲ್ಲಿ ಅಜ್ಜಿಯ ಕಾಲದಿಂದ ಕೋಳಿಗಳು ನೀರು ಕುಡಿಯುವ ಒಂದು ಮಣ್ಣಿನ ತಟ್ಟೆಯಿತ್ತು. ಅಂಚು ಮುಕ್ಕಾಗಿ, ಒಳಗೂ ಹೊರಗೂ ನೀರಿನ ಸುಣ್ಣ ಮತ್ತು ಕೋಳಿಗಳ ಕೊಡುಗೆ ಸೇರಿ ಗಾರೆಯಂತೆ ಗಟ್ಟಿಕಟ್ಟಿತ್ತು. ಇದಕ್ಕಿಂತ ಹಳೆಯದಾಗಿ ಕಾಣುವ ವಸ್ತು ಲೋಕದಲ್ಲೇ ಇರಲಾರದು ಎನಿಸಿತು ಅವನಿಗೆ. ಕೊಂತೆಸ್ಸಾ ಎಂಬ ಕೆಂಪು ಕೋಳಿ ಮಾತ್ರ ಕತ್ತು ಓರೆ ಮಾಡಿ ಅವನನ್ನೇ ದಿಟ್ಟಿಸಿತು. ಆ ತಟ್ಟೆಯಲ್ಲಲ್ಲದೆ ಬೇರೆಲ್ಲೂ ಅದು ನೀರು ಮುಟ್ಟುತ್ತಿರಲಿಲ್ಲ.

ಹಾಗೇ ಹೂಳಿದ್ದರೆ ಆಗುತ್ತಿತ್ತು. ಆದರೆ ಸೆತ್ತೀಮಿಯೊನೊಳಗಿನ ಅಂಚೆಯವ ಒಪ್ಪಲಿಲ್ಲ. ಹೆಸರಿಲ್ಲದ ವಸ್ತುವನ್ನು ಯಾರದೆಂದು ತಿಳಿಯುವುದು ಹೇಗೆ? ಇಲಾಖೆಯವರು ಇದು ರೋಮಿನವರದು ಅನ್ನಬಹುದು, ಉಲ್ದೆರೀಕೊನ ತಾತನದು ಅನ್ನಬಹುದು. ಊರಿನ ವೈನು ಸೀಸೆಯ ಚೀಟಿಯ ಸುತ್ತ ಅಂದಕ್ಕೆಂದು, ರೋಮಿಗೂ ಮೊದಲು ಈ ಸೀಮೆ ಆಳಿದ ಎಟ್ರುಸ್ಕನ್ ಜನರ ಅಕ್ಷರಗಳನ್ನು ಅಚ್ಚುಹಾಕಿರುತ್ತಾರೆ. ಅದನ್ನು ನೋಡಿಕೊಂಡು, ಒಂದು ಮೊಳೆ ಹಿಡಿದು, ಆ ಜನ ಬರೆಯುತ್ತಿದ್ದಂತೆಯೇ ಬಲದಿಂದ ಎಡಕ್ಕೆ ತಟ್ಟೆಯ ಒಳಗೆ ಸ್ಪಷ್ಟವಾಗಿ ಕೆತ್ತಿದ: ಎಟ್ರುಸ್ಕನ್. ಅವನ ಭಾಷೆಯಲ್ಲಿ ಆ ಮಾತು ಎತ್ರುಸ್ಕೊ; ಕೊನೆಗೆ ಬೇಕಾದ 'ಒ' ಅಕ್ಷರ ಸೀಸೆಯ ಮೇಲೆ ಸಿಗಲಿಲ್ಲ. ಇರಲಿ ಎಂದು ತಾನೇ ಒಂದು ಸೊನ್ನೆ ಸುತ್ತಿದ. ಮೋಟುಗೋಡೆ ಹಾರಿ, ಸುಣ್ಣದ ಗೆರೆಯ ಒಳಗೆ ಒಂದು ಗೇಣು ಆಳಕ್ಕೆ ಹೂಳಿ, ಕಾಲಲ್ಲಿ ಮಣ್ಣು ತುಳಿದು, ಕೈ ತೊಳೆದುಕೊಂಡು ಕಾಫಿ ಕುಡಿಯಲು ಹೋದ.

ಕ್ವಿರೀನೊನ ಕಾಫಿ ಅಂಗಡಿಯಲ್ಲಿ ಅಂದು ಎಲ್ಲರಿಗೂ ಉಲ್ದೆರೀಕೊನದೇ ಕಾಫಿ.

"ಸೆತ್ತೀಮಿಯೊಗೂ ಕೊಡು ಕ್ವಿರೀನೊ, ಜಾಮ್ ತುಂಬಿದ ಬನ್ನೂ ಕೊಡು" ಎಂದು ಅವನು ಗುಡುಗಿದ. "ಪಾಯದ ದಿನ ಮುನಿಸು ಇಟ್ಕೋಬಾರದು."

ಸೆತ್ತೀಮಿಯೊ ಅವನ ಮುಖ ನೋಡದೆ ಬನ್ನು ಕಚ್ಚಿದ.

"ಅಗೆದರೆ ಎಟ್ರುಸ್ಕನ್ ಏನಾದ್ರೂ ಸಿಗತ್ತೇನೋ, ನೋಡ್ಕೋ" ಅಂದ ಕ್ವಿರೀನೊ. ಆಮೇಲೆ ಮೂಲೆಯಲ್ಲಿ ಬಾರ್ಲಿ ಕಾಫಿ ಕುಡಿಯುತ್ತಿದ್ದ ಜೆಲಿಂದಾ ಟೀಚರ ಕಡೆ ತಿರುಗಿದ. ಎಂಬತ್ತನಾಲ್ಕು ವರ್ಷದ ಆಕೆ ಆ ಅಂಗಡಿಯಲ್ಲಿದ್ದ ಎಲ್ಲರ ಕಿವಿಯನ್ನೂ ಒಂದಲ್ಲ ಒಂದು ಕಾಲದಲ್ಲಿ ಹಿಂಡಿದವರು. "ಟೀಚರಮ್ಮ, ಎಟ್ರುಸ್ಕನ್ ಅಂದ್ರೆ ಏನರ್ಥ? ಐದನೇ ಕ್ಲಾಸಲ್ಲಿ ನೀವು ಹೇಳ್ಕೊಟ್ಟ ದಿನ ನಂಗೆ ಜ್ವರ ಇತ್ತು."

"ನಿಂಗೆ ಜ್ವರ ಇರಲಿಲ್ಲ. ಚೆರ್ರಿ ಮರದ ಮೇಲಿದ್ದೆ. ಕಿಟಕಿಯಿಂದ ನಾನು ನೋಡ್ತಾ ಇದ್ದೆ." ಟೀಚರ್ ಲೋಟ ಕೆಳಗಿಟ್ಟರು. "ಅರ್ಥ ಖಾತ್ರಿಯಾಗಿ ಯಾರಿಗೂ ಗೊತ್ತಿಲ್ಲ ಕಣೋ. ಗ್ರೀಕರು ಆ ಜನಾನ ತಿರ್ರೇನೊಯ್ ಅಂದ್ರು. ನಮ್ಮೆದುರಿನ ಸಮುದ್ರಕ್ಕೆ ಇವತ್ತಿಗೂ ಅದೇ ಹೆಸರು. ಗ್ರೀಕಲ್ಲಿ ತಿರ್ಸಿಸ್ ಅಂದ್ರೆ ಗೋಪುರ. ಗೋಪುರದ ಜನ ಅಂತ ಇರಬಹುದು, ಇಲ್ಲದೇನೂ ಇರಬಹುದು. ರೋಮಿನವರು ತಮ್ಮ ನಾಲಿಗೆ ತಿರುಗಿದ ಹಾಗೆ ಎತ್ರುಸ್ಕಿ ಅಂದ್ರು, ತುಸ್ಕಿ ಅಂದ್ರು. ಮೇಲಿನ ತೊಸ್ಕಾನಾ, ನಮ್ಮ ಈ ತೂಶಿಯಾ, ಎಲ್ಲಾ ಅದರ ಮರಿಗಳೇ."

"ಸರಿ. ಅವರು ತಮ್ಮನ್ನ ತಾವು ಏನಂತಿದ್ರು?"

"ರಾಸೆನ್ನಾ. ಚಿಕ್ಕದಾಗಿ ರಾಸ್ನಾ."

ಸೆತ್ತೀಮಿಯೊನ ಕೈಯಲ್ಲಿದ್ದ ಬನ್ನು ಬಾಯಿಗೂ ತಟ್ಟೆಗೂ ನಡುವೆ ನಿಂತುಬಿಟ್ಟಿತು. "ಅಂದ್ರೆ ಟೀಚರಮ್ಮ... ಒಬ್ಬ ಎಟ್ರುಸ್ಕನ್, ಸುಮ್ನೆ ಮಾತಿಗೆ ಹೇಳ್ತೀನಿ, ತನ್ನ ತಟ್ಟೆ ಮೇಲೆ ಎಟ್ರುಸ್ಕನ್ ಅಂತ ಬರ್ಕೊಂತಿರಲಿಲ್ವಾ?"

"ಯಾಕೆ ಬರ್ಕೊಂತಾನೆ? ನಿನ್ನ ಮನೆ ಬಾಗಿಲ ಮೇಲೆ ನೀನು ಬಸವನಹುಳು ಅಂತ ಬರ್ಸಿದ್ದೀಯಾ?"

ಅಂಗಡಿ ಬಿದ್ದು ಬಿದ್ದು ನಕ್ಕಿತು.

"ನಗಬೇಡ್ರೋ, ಅದೇ ವಿಷಯ" ಅಂದರು ಟೀಚರ್. "ನೆರೆಯವರು ಇಟ್ಟ ಅಡ್ಡಹೆಸರು ಅದು. ಇಟ್ಟೋರು ಗೆದ್ರು, ಹೆಸರು ಉಳೀತು. ಆ ಹೆಸರು ಕೂಗಿ ಕರೆದಿದ್ರೆ ಅವರಲ್ಲಿ ಒಬ್ಬನೂ ತಿರುಗಿ ನೋಡ್ತಿರಲಿಲ್ಲ."

ಸೆತ್ತೀಮಿಯೊ ಎದ್ದವನು ಟೋಪಿಯನ್ನೂ ಮರೆತು ಹೊರಗೆ ಓಡಿದ. ನಲವತ್ತು ವರ್ಷದ ಕೆಲಸದಲ್ಲಿ ಅವನು ಅಷ್ಟು ವೇಗವಾಗಿ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಟೀಚರ್ ಅವನ ಟೋಪಿಯನ್ನು ಎತ್ತಿ, ಅಂಟಿದ್ದ ಸಕ್ಕರೆ ಕೊಡವಿ, ತಮ್ಮ ಚೀಲಕ್ಕೆ ಹಾಕಿಕೊಂಡರು.

ತಟ್ಟೆ ಸಿಕ್ಕರೆ ಯಾರೋ ಬೇಕೆಂದೇ ಹೂಳಿದ್ದು ಎಂದು ಮೊದಲ ನೋಟಕ್ಕೇ ತಿಳಿಯುತ್ತದೆ. ಗೋಡೆಯಂತೂ ಏಳುತ್ತದೆ; ಜೊತೆಗೆ ತಾನು ಊರೆದುರು ಕಳ್ಳನಾಗುತ್ತೇನೆ. ಹನ್ನೊಂದರೊಳಗೆ ಅದನ್ನು ಹೊರಗೆ ತೆಗೆಯಲೇಬೇಕು.

ಮೋಟುಗೋಡೆಯ ಬಳಿ ಬಂದವನು ಹಾಗೇ ನಿಂತ. ಗೆರೆಯ ಸುತ್ತ ಆಗಲೇ ಏಳು ಜನ ಮುದುಕರು ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದರು. ಊರಲ್ಲಿ ಎಲ್ಲಿ ಗುದ್ದಲಿ ಬಿದ್ದರೂ ಇವರು ಹಾಜರು. ಯಾರೂ ಕರೆದಿರುವುದಿಲ್ಲ, ಯಾರೂ ಕೇಳದ ಸಲಹೆ ಕೊಡುತ್ತಾರೆ, ಕೆಲಸ ಮುಗಿದ ಮೇಲೆ ಹೀಗಲ್ಲ ಹಾಗೆ ಮಾಡಬೇಕಿತ್ತು ಎಂದು ಹೇಳಿ ಊಟಕ್ಕೆ ಹೋಗುತ್ತಾರೆ. ಅಗೆತಕ್ಕೆ ಇನ್ನೂ ಮೂರು ಗಂಟೆಯಿದ್ದರೂ ಒಳ್ಳೆಯ ಜಾಗ ಹಿಡಿಯಲು ಬೇಗ ಬಂದಿದ್ದರು.

"ಕ್ವಿರೀನೊ ಅಂಗಡೀಲಿ ಎಲ್ಲರಿಗೂ ಪುಕ್ಕಟೆ ಗ್ರಾಪ್ಪಾ ಕೊಡ್ತಾ ಇದ್ದಾನೆ!" ಎಂದು ಸೆತ್ತೀಮಿಯೊ ಕೂಗಿದ.

"ಕುಡಿಯೋದು ಯಾವತ್ತೂ ಇದ್ದದ್ದೇ" ಅಂದ ಮುದುಕರಲ್ಲಿ ಹಿರಿಯನಾದ ತೆರೆನ್ಸಿಯೊ, ತಲೆಯನ್ನೂ ತಿರುಗಿಸದೆ. "ಪಾಯ ಅಗೆಯೋದು ಒಂದೇ ಸಲ."

"ಯಾರು, ನಾನಾ? ಯಾವಾಗ?" ಎಂದಿತು ಸೆತ್ತೀಮಿಯೊನ ಬೆನ್ನ ಹಿಂದೆ ಒಂದು ದನಿ. ಕ್ವಿರೀನೊ ಅಂಗಡಿಗೆ ಬೀಗ ಹಾಕಿ, ತಾನೂ ಕೈಕಟ್ಟಿಕೊಂಡು ಬರುತ್ತಿದ್ದ. ಅವನ ಹಿಂದೆ ಜೆಲಿಂದಾ ಟೀಚರೂ.

ಅಷ್ಟರಲ್ಲಿ ಉಲ್ದೆರೀಕೊ ಹಿತ್ತಲಿನ ಬಾಗಿಲಲ್ಲಿ ಕಂಡ. "ಸೆತ್ತೀಮಿಯೊ! ಗೋಡೆ ಆಚೆ ಯಾಕೋ ನಿಂತೆ? ಹನ್ನೊಂದು ವರ್ಷ ಆಯ್ತು ನನ್ನ ಹಿತ್ತಲಿಗೆ ಕಾಲಿಟ್ಟು. ಬಾರೋ!" ಎಂದವನೇ ಅವನನ್ನು ಕಂಕುಳಿಗೆ ಕೈಹಾಕಿ ಮಗುವಿನಂತೆ ಈಚೆಗೆ ಎತ್ತಿ ಇಳಿಸಿಕೊಂಡ. ಒಳಗಿನಿಂದ ಒಂದು ಕುರ್ಚಿ ತಂದ. "ಎಲ್ಲಿ ಕೂರ್ತೀಯೋ ಕೂರು."

ಸೆತ್ತೀಮಿಯೊಗೆ ಉಪಾಯ ಹೊಳೆಯಿತು. ಕುರ್ಚಿಯನ್ನು ಎಳೆದುಕೊಂಡು ಹೋಗಿ ಸರಿಯಾಗಿ ತಟ್ಟೆಯ ಮೇಲೆ ಹಾಕಿ ಕೂತ. ಮುಖವನ್ನು ಗಾಳಿ ಸೇವಿಸುವವನಂತೆ ಮೇಲೆತ್ತಿ, ಬೂಟಿನ ಹಿಮ್ಮಡಿಯಿಂದ ಮೆಲ್ಲಗೆ ಮಣ್ಣು ಕೆದಕತೊಡಗಿದ.

"ಗೆರೆ ಒಳಗೆ ಕೂತಿದ್ದಾನೆ" ಅಂದ ತೆರೆನ್ಸಿಯೊ.

"ಕೂರಲಿ ಬಿಡು, ಯಂತ್ರ ಬಂದಾಗ ಅವನನ್ನೂ ಸೇರಿಸಿ ಎತ್ತತ್ತೆ."

"ಕಾಲು ಯಾಕೆ ಹಾಗೆ ಆಡಿಸ್ತಾ ಇದ್ದಾನೆ?"

"ನರ. ನಮ್ಮ ಭಾವಂಗೂ ಹೀಗೇ ಶುರುವಾಗಿದ್ದು."

ಬೆಳಗ್ಗೆ ತಾನೇ ಸಡಿಲಿಸಿದ ಮಣ್ಣು. ಕುರ್ಚಿಯ ಹಿಂದಿನ ಎರಡು ಕಾಲು ಮೆಲ್ಲಗೆ, ಬಹಳ ಮರ್ಯಾದೆಯಿಂದ, ಒಳಗಿಳಿದವು. ಸೆತ್ತೀಮಿಯೊ ಆಕಾಶ ನೋಡುತ್ತಲೇ ಅಂಗಾತ ಬಿದ್ದ. ಏಳು ಮುದುಕರೂ ಅವನನ್ನು ದಾಟಿ ಬಂದು ಆ ಗುಳಿಯ ಮೇಲೆ ಬಾಗಿದರು.

"ಇಲ್ಲಿ ಮಣ್ಣು ಮೆತ್ತಗಿದೆ. ಮುಳ್ಳುಹಂದಿ ಕೆಲಸ."

"ಮುಳ್ಳುಹಂದಿ ಇಷ್ಟು ನೀಟಾಗಿ ಮುಚ್ಚಲ್ಲ. ಬಿಲ ತೋಡೋ ತರಕರಡಿ."

"ತರಕರಡಿಗೆ ನಿನ್ನಷ್ಟೂ ಬುದ್ಧಿ ಇಲ್ಲ ಅಂದ್ಕೊಂಡ್ಯಾ?"

ವಾದ ಹನ್ನೊಂದರವರೆಗೂ ನಡೆಯಿತು. ಅಷ್ಟು ಹೊತ್ತೂ ಒಬ್ಬರಲ್ಲ ಒಬ್ಬರ ಬೂಟು ಆ ಜಾಗದ ಮೇಲೇ ಇತ್ತು. ಅದರ ನಡುವೆ ಕೊಂತೆಸ್ಸಾ ಬಂತು. ಬೆಳಗಿನಿಂದ ನೀರಿಲ್ಲದೆ ಕೊಕ್ಕು ತೆರೆದುಕೊಂಡು, ಮೋಟುಗೋಡೆ ಹಾರಿ, ಮುದುಕರ ಕಾಲುಗಳ ಸಂದಿಯಲ್ಲಿ ನುಸುಳಿ, ನೇರ ಅಲ್ಲಿಗೇ ಹೋಗಿ ಕೆರೆಯತೊಡಗಿತು. ಸೆತ್ತೀಮಿಯೊ ಅದನ್ನು ಹಿಡಿದು ಗೋಡೆಯಾಚೆ ಬಿಟ್ಟ. ಅದು ಮರಳಿತು. ಹಿಡಿದು ಗೂಡಿಗೆ ಹಾಕಿ ಬಾಗಿಲು ಜಡಿದ. ಬಾಗಿಲ ಕೆಳಗಿನ ಸಂದಿಯಿಂದ ಹೊರಗೆ ಬಂತು. ಮೂರನೆಯ ಸಲ ಅದನ್ನು ಅಂಗಿಯೊಳಗೆ ಸೇರಿಸಿ ಗುಂಡಿ ಹಾಕಿಕೊಂಡ. ಅದೇ ಗಳಿಗೆಗೆ ಅಗೆಯುವ ಯಂತ್ರವೂ, ಇಲಾಖೆಯ ಅಧಿಕಾರಿ ಫೌಸ್ತಾಳೂ ಬಂದಿಳಿದರು.

ಫೌಸ್ತಾ ನಲವತ್ತರ ಹೆಂಗಸು. ಮಂಡಿಯವರೆಗೆ ಕೆಸರು, ಮೂಗು ತುಂಬ ನೆಗಡಿ. ಕೋಟಿನ ನಡುವಿನ ಗುಂಡಿ ಕಿತ್ತುಹೋಗಿ, ಅಲ್ಲಿಂದಲೇ ಗಾಳಿ ನುಗ್ಗುತ್ತಿತ್ತು. ಅದನ್ನು ಮೊದಲು ಕಂಡವಳು ಕಿಟಕಿಯಲ್ಲಿದ್ದ ಪಾಲ್ಮೀರಾ. ಬಿಸಿಲಿರುವಾಗಲೇ ಸೂಜಿಗೆ ದಾರ ಪೋಣಿಸಿ, ಗುಂಡಿಗಳ ಡಬ್ಬಿಯನ್ನೂ ಹಿಡಿದು ಹಿತ್ತಲಿಗೆ ಬಂದಳು.

"ದೊತ್ತೊರೆಸ್ಸಾ ಮೇಡಂ, ನಿಂತ್ಕೊಂಡೇ ಇರಿ. ಬಿಚ್ಚೋದು ಬೇಡ, ಎರಡೇ ನಿಮಿಷ" ಎಂದು ಮೈಮೇಲಿದ್ದ ಕೋಟಿಗೇ ಗುಂಡಿ ಹಚ್ಚತೊಡಗಿದಳು. ಫೌಸ್ತಾ ಕಣ್ಣರಳಿಸಿ ನಿಂತಳು. ಸರ್ಕಾರಿ ಅಧಿಕಾರಿಯಾಗಿ ಅವಳಿಗೆ ಊರೂರಲ್ಲಿ ಬೈಗುಳ ಸಿಕ್ಕಿತ್ತು. ಗುಂಡಿ ಹಾಕಿದವಳು ಇವಳೊಬ್ಬಳೇ.

"ನಿಮ್ಮ ಅಂಗಿ ಅಲ್ಲಾಡ್ತಾ ಇದೆಯಲ್ಲ" ಎಂದಳು ಫೌಸ್ತಾ ಸೆತ್ತೀಮಿಯೊಗೆ.

"ಉಸಿರು" ಅಂದ ಸೆತ್ತೀಮಿಯೊ.

"ಕೊಕ್ಕೋ" ಅಂದಿತು ಉಸಿರು. ಎರಡು ಗುಂಡಿ ಹಾರಿದವು. ಕೊಂತೆಸ್ಸಾ ಅವನ ಎದೆಯಿಂದ ಬಾಣದಂತೆ ಚಿಮ್ಮಿ, ಕುರ್ಚಿ ಕುಸಿದ ಗುಳಿಗಿಳಿದು, ಯಂತ್ರದವನು ಕೀಲಿ ತಿರುಗಿಸುವುದರೊಳಗೆ ನಾಲ್ಕೇ ಕೆರೆತಕ್ಕೆ ತಟ್ಟೆಯ ಅಂಚನ್ನು ಹೊರಗೆಡವಿತು.

"ಸಿಕ್ತು!" ಎಂದರು ಏಳು ಮುದುಕರೂ ಒಟ್ಟಿಗೆ. ಉಲ್ದೆರೀಕೊನ ಮುಖ ಬಿಳಿಚಿತು. ಮೊಮ್ಮಕ್ಕಳ ಮದುವೆಯವರೆಗಿನ ಗುಂಡಿ ಅವನ ಕಣ್ಣಮುಂದೆ ಬಾಯ್ದೆರೆದಿರಬೇಕು. ಆ ಮುಖ ನೋಡಿ ಸೆತ್ತೀಮಿಯೊಗೆ ಬೆಳಗಿನ ಬನ್ನು ನೆನಪಾಯಿತು.

ಫೌಸ್ತಾ, ಗುಂಡಿಯ ದಾರ ಇನ್ನೂ ಪಾಲ್ಮೀರಾಳ ಕೈಯಲ್ಲಿರುವಾಗಲೇ, ತೆರೆನ್ಸಿಯೊ ಎತ್ತಿಕೊಟ್ಟ ತಟ್ಟೆಯನ್ನು ಕೈಚಾಚಿ ಇಸಿದುಕೊಂಡಳು. ಬಲದಿಂದ ಎಡಕ್ಕೆ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ನಗತೊಡಗಿದಳು. ನಕ್ಕು, ಸೀನಿ, ಸೀನಿನ ನಡುವೆ ನಕ್ಕು, ಕಣ್ಣೊರೆಸಿಕೊಂಡಳು.

"ಎಟ್ರುಸ್ಕನ್ ಅಂತ ಬರ್ದಿದೆ! ಪುಣ್ಯಾತ್ಮ ಯಾರೋ. ಅವರ ಕೈಯಲ್ಲೇ ಈ ಹೆಸರು ಬರ್ಸಿಬಿಟ್ಟಿದ್ದಾನೆ. ಕೊನೇಲಿ ಈ ಸೊನ್ನೆ ಬೇರೆ, ಅವರು ಬರೀತಲೇ ಇರಲಿಲ್ಲ ಅದನ್ನ. ಅಕ್ಷರ ನೋಡಿ, ಕಾಗೆ ಕಾಲು ಗುಬ್ಬಿ ಕಾಲು."

ಜೆಲಿಂದಾ ಟೀಚರ ಕಣ್ಣು ಸೆತ್ತೀಮಿಯೊನ ಮೇಲೆ ಒಂದು ಕ್ಷಣ ನಿಂತಿತು. ಆ ಕೈಬರಹವನ್ನು ಅವರು ಐದು ವರ್ಷ ತಿದ್ದಿದವರು. "ಮಕ್ಕಳು ಯಾರೋ ಆಟಕ್ಕೆ ಮಾಡಿರಬೇಕು" ಎಂದರು ತಣ್ಣಗೆ, ಚೀಲದಿಂದ ಟೋಪಿ ತೆಗೆದು ಅವನ ಕೈಗಿಡುತ್ತಾ. "ಹಾಕ್ಕೋ. ಬೆವರ್ತಾ ಇದ್ದೀಯ."

"ಆಟವೇ. ಅಗೆಯೋಕೆ ಏನೂ ಅಡ್ಡಿ ಇಲ್ಲ" ಎಂದು ಫೌಸ್ತಾ ತಟ್ಟೆಯನ್ನು ನೆಲಕ್ಕಿಟ್ಟಳು.

ಸೆತ್ತೀಮಿಯೊ ದೀರ್ಘವಾಗಿ ಉಸಿರು ಬಿಟ್ಟ. ಬಿಸಿಲು ಹೋಯಿತು, ಆದರೆ ಮಾನ ಉಳಿಯಿತು. ಆ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಕೊಂತೆಸ್ಸಾ ತಟ್ಟೆಯ ಮುಂದೆ ಬಂದು ನಿಂತು ಎಲ್ಲರ ಮುಖ ನೋಡಿತು.

"ಅಯ್ಯೋ, ಇದು ನಮ್ಮ ಕೊಂತೆಸ್ಸಾ ತಟ್ಟೆ!" ಅಂದಳು ಪಾಲ್ಮೀರಾ. "ಪಾಪ, ಬೆಳಗಿಂದ ಬಾಯಾರಿದೆ. ಸೆತ್ತೀ, ಇದು ಇಲ್ಲಿಗೆ ಹೇಗೆ ಬಂತು?"

ಏಳು ಮುದುಕರು, ಕ್ವಿರೀನೊ, ಯಂತ್ರದವನು, ಎಲ್ಲರೂ ಸೆತ್ತೀಮಿಯೊನ ಕಡೆ ತಿರುಗಿದರು. ಅವನು ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡ.

ಆ ಹೊತ್ತಿನಲ್ಲಿ ಕೋಳಿಯ ಬಗ್ಗೆ ಯೋಚಿಸಿದವನು ಉಲ್ದೆರೀಕೊ ಒಬ್ಬನೇ. "ಮೊದಲು ಅದಕ್ಕೆ ನೀರು ಕೊಡೋಣ ತಡೀರಿ" ಎಂದು ತನ್ನ ಬಾಟಲಿಯ ನೀರು ಸುರಿದು, ಲಾರಿ ಚಕ್ರ ಬಿಚ್ಚುವ ಆ ದೊಡ್ಡ ಕೈಯಿಂದ ತಟ್ಟೆಯನ್ನು ಗಸಗಸ ಉಜ್ಜಿದ. ನೂರು ವರ್ಷದ ಸುಣ್ಣ ಹಪ್ಪಳದಂತೆ ಎದ್ದುಬಂತು. ಕೆಳಗೆ ಕಪ್ಪು ಮಣ್ಣು ಹೊಸ ಬೂಟಿನಂತೆ ಮಿರಮಿರ ಮಿಂಚಿತು. ನೀರು ಚೆಲ್ಲಲು ತಟ್ಟೆಯನ್ನು ಬೋರಲು ಹಾಕಿದ.

"ಅಲ್ಲಾಡ್ಬೇಡಿ!" ಎಂದು ಚೀರಿದಳು ಫೌಸ್ತಾ ಅವನಿಗೆ.

"ಅಲ್ಲಾಡ್ಬೇಡಿ!" ಎಂದು ಚೀರಿದಳು ಪಾಲ್ಮೀರಾ ಫೌಸ್ತಾಳಿಗೆ, ಸೂಜಿ ಇನ್ನೂ ಕೋಟಿನಲ್ಲಿತ್ತು.

ಇಬ್ಬರೂ ದಾರದಲ್ಲಿ ಸಿಕ್ಕಿಕೊಂಡೇ ತಟ್ಟೆಯ ಮೇಲೆ ಬಾಗಿದರು. ತಟ್ಟೆಯ ತಳದಲ್ಲಿ ಐದು ಅಕ್ಷರಗಳಿದ್ದವು. ಸಣ್ಣವು, ನೆಟ್ಟಗಿನವು, ಅವಸರವಿಲ್ಲದ ಕೈಯವು. ಫೌಸ್ತಾ ಬೆರಳು ಮುಟ್ಟಿಸದೆ ಗಾಳಿಯಲ್ಲೇ ಬಲದಿಂದ ಎಡಕ್ಕೆ ಸರಿಸಿದಳು. ಅವಳ ನೆಗಡಿಯೇ ನಿಂತುಹೋದಂತಿತ್ತು.

"ರಾಸ್ನಾ" ಎಂದಳು ಪಿಸುಗುಟ್ಟುತ್ತಾ.

ಜೆಲಿಂದಾ ಟೀಚರ್ ಸೆತ್ತೀಮಿಯೊನ ಕುರ್ಚಿಯ ಮೇಲೆ ಕೂತುಬಿಟ್ಟರು. "ಐವತ್ತು ವರ್ಷ ಪಾಠ ಮಾಡ್ದೆ" ಅಂದರು. "ಈ ಹೆಸರನ್ನ ಅವರ ಕೈಯಲ್ಲೇ ಬರೆದದ್ದು ಇವತ್ತೇ ನೋಡಿದ್ದು. ಅದೂ ಕೋಳಿ ತಟ್ಟೇಲಿ."

"ಇದು ಅವರ ಹೆಸರೇ ಅಂತ ಕೆಲವರು, ಊರಿಗೆ ಸೇರಿದ್ದು ಅಂತ ಅರ್ಥ ಅಂತ ಕೆಲವರು. ಇನ್ನು ಮೂವತ್ತು ವರ್ಷ ಜಗಳ ಆಡೋಕೆ ನಮಗೆ ಇದೊಂದೇ ತಟ್ಟೆ ಸಾಕು" ಅಂದಳು ಫೌಸ್ತಾ. "ಎಲ್ಲಿತ್ತು ಇದು?"

ಸೆತ್ತೀಮಿಯೊ ಬಾಯಿ ತೆರೆಯುವ ಮೊದಲೇ ಸುಳ್ಳು ಹೇಳಿ ಅಭ್ಯಾಸವಿಲ್ಲದ ಪಾಲ್ಮೀರಾ ಉತ್ತರಿಸಿದಳು.

"ನಮ್ಮ ಕೋಳಿಗೂಡಲ್ಲಿ. ಇವರ ಅಜ್ಜಿ ಕಾಲದಿಂದ. ಇನ್ನೂ ಇದಾವಲ್ಲ, ಜೆರೇನಿಯಂ ಕುಂಡದ ಕೆಳಗೆ ಎರಡು, ಹಿಟ್ಟಿನ ಡಬ್ಬಕ್ಕೆ ಮುಚ್ಚಳ ಒಂದು. ಗೂಡಿನ ಸೂರಲ್ಲಿ ಕಲ್ಲಿನಲ್ಲೇ ತೊಲೆ ಕೊರೆದಿದ್ದಾರೆ, ಅದೂ ಚೆನ್ನಾಗಿದೆ. ಬನ್ನಿ, ತೋರಿಸ್ತೀನಿ."

"ಪಾಲ್ಮೀರಾ..." ಎಂದ ಸೆತ್ತೀಮಿಯೊ ಟೋಪಿಯೊಳಗಿನಿಂದ.

"ಯಾಕೋ? ಗೂಡು ಗುಡಿಸಿದ್ದೀನಿ, ಬಿಡು."

ಫೌಸ್ತಾ ಕೋಳಿಗೂಡಿನೊಳಗೆ ತೆವಳಿ ಹೋಗಿ, ಹಿಂದಿನ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಗೋಡೆ ಖಾಲಿ ಪೀಪಾಯಿಯಂತೆ ಸದ್ದು ಮಾಡಿತು. ಅವಳು ಹೊರಗೆ ಬಂದಾಗ ಕೂದಲ ತುಂಬ ಪುಕ್ಕ, ಮುಖದ ತುಂಬ ನಗು. ಅದು ಗೋರಿ. ಇಡೀ ಒಂದು ಮನೆಯಂಥ ಗೋರಿ. ಸೆತ್ತೀಮಿಯೊನ ಮನೆತನದವರು ಮೂರು ತಲೆಮಾರು ಅದರ ಹಜಾರದಲ್ಲಿ ಕೋಳಿ ಸಾಕಿದ್ದರು.

ಆಮೇಲೆ ಎಲ್ಲವೂ ಬೇಗಬೇಗ ನಡೆಯಿತು. ಮೂರು ಗಂಟೆಗೆ ಇಲಾಖೆಯ ವ್ಯಾನು ಬಂತು. ಕಿತ್ತಳೆ ಬಣ್ಣದ ಬಲೆ ಬಂತು. ಕಂಬಗಳು ಬಂದವು. ಮಳೆ, ಬಿಸಿಲು, ಕೋಳಿ ಯಾವುದೂ ಒಳಗೆ ಹೋಗದಂತೆ ಗೂಡಿನ ಮುಂದೆ ಎತ್ತರದ ತಗಡಿನ ಚಪ್ಪರ ಎದ್ದಿತು. ಗೂಡು ಕಿಟಕಿಯ ಕೆಳಗೇ ಇದ್ದುದರಿಂದ ತಗಡು ಕಿಟಕಿಯನ್ನು ದಾಟಿ ಸೂರಿನವರೆಗೂ ಹೋಯಿತು. ನಾಲ್ಕು ಹೆಜ್ಜೆ ಅಲ್ಲ, ನಾಲ್ಕು ಬೆರಳು ದೂರದಲ್ಲಿ.

"ಎಷ್ಟು ದಿನ ಇರತ್ತೆ ಇದು?" ಎಂದು ಕೇಳಿದ ಸೆತ್ತೀಮಿಯೊ.

"ನಿಮಗೆ ಮೊಮ್ಮಕ್ಕಳಿದಾರಾ?" ಎಂದಳು ಫೌಸ್ತಾ ಮೆದುವಾಗಿ.

ತಟ್ಟೆಯ ಒಳಗಿನ ಮೊಳೆಯ ಗೀರುಗಳ ವಿಷಯ ಅವಳು ವರದಿಯಲ್ಲಿ ಬರೆಯಲೇಬೇಕಿತ್ತು. ಸರ್ಕಾರದ ಸೊತ್ತಿನ ಮೇಲೆ ಕೆತ್ತಿದವರಿಗೆ ಶಿಕ್ಷೆಯಿದೆ. ಅವಳು ಲೇಖನಿ ಹಿಡಿದು, ತನ್ನ ಕೋಟಿನ ಹೊಸ ಗುಂಡಿಯನ್ನು ಒಮ್ಮೆ ಸವರಿ, ಬರೆದಳು: ಕೋಳಿ ಕೆರೆದ ಗುರುತುಗಳು.

ಉಲ್ದೆರೀಕೊನ ಪಾಯಕ್ಕೆ ಅಡ್ಡಿಯಿರಲಿಲ್ಲ. ಅಲ್ಲಿ ಮೂರು ಮೊಳ ಅಗೆದರೂ ಸಿಕ್ಕಿದ್ದು ಒಂದು ಹಳೆಯ ಚಮಚ, ಅದೂ ಅವನದೇ. ಕೈತೊಳೆದು ಬಂದವನು ತಗಡನ್ನು ನೋಡಿದ, ತನ್ನ ಸುಣ್ಣದ ಗೆರೆ ನೋಡಿದ, ಸೆತ್ತೀಮಿಯೊನ ಟೋಪಿ ನೋಡಿದ. ನಿಧಾನಕ್ಕೆ ಅವನಿಗೆ ಎಲ್ಲ ಅರ್ಥವಾಯಿತು.

"ಕಿಟಕಿ ವಿಷಯಾನಾ? ಲೋ, ಒಂದು ಮಾತು ಕೇಳಬಾರ್ದಿತ್ತೇನೋ? ಆ ಗೆರೆ ಅಲ್ಲಿ ಬಿದ್ದಿದ್ದು ಸುಣ್ಣದ ಚೀಲ ಅಲ್ಲೇ ಒಡೀತು ಅಂತ. ಹತ್ತು ಹೆಜ್ಜೆ ಸರಿಸೂ ಅಂದಿದ್ರೆ ಸರಿಸ್ತಿದ್ದೆ."

ಉಲ್ದೆರೀಕೊ ಉತ್ತರಕ್ಕೆ ಕಾಯಲಿಲ್ಲ. ಅವರ ಮನೆಯೊಳಗೆ ಹೋಗಿ ಪಾಲ್ಮೀರಾಳ ಹೊಲಿಗೆ ಯಂತ್ರವನ್ನು ಹೆಗಲಿಗೇರಿಸಿದ. "ನನ್ನ ಈಗಿನ ಮನೆ ಮಹಡಿ ಕೋಣೆಗೆ ದಕ್ಷಿಣದ ಕಡೆ ಎರಡು ಕಿಟಕಿ ಇದೆ ಪಾಲ್ಮೀರಾ. ಈ ತಗಡು ಹೋಗೋವರೆಗೂ ಅಲ್ಲಿ ಕೂತ್ಕೋ. ತೂಬಾ ಅಲ್ಲೇ ಇದೆ, ಪರವಾಗಿಲ್ಲ ತಾನೇ? ನಾನು ದಿನಾ ನಾಲ್ಕೇ ಗಂಟೆ ಊದೋದು."

ಆ ಮಹಡಿಯ ಬೆಳಕಿನಲ್ಲಿ ಪಾಲ್ಮೀರಾ ಮೊದಲ ಸಲಕ್ಕೇ ಸೂಜಿಗೆ ದಾರ ಪೋಣಿಸಿದಳು. ಉಲ್ದೆರೀಕೊ ಖುಷಿಗೆ ತೂಬಾ ಎತ್ತಿ ಊದಿದ. ಕಣಿವೆಯಲ್ಲಿ ಕುರಿಗಳು ಮನೆ ಕಡೆ ಹೊರಟವು. ಇನ್ನು ಮುಂದೆ ಹೆಂಡತಿಯನ್ನು ಊಟಕ್ಕೆ ಕರೆಯಬೇಕಾದರೂ ಆ ಗುಡುಗಿನ ಅಡಿಯಲ್ಲಿ ಮೆಟ್ಟಿಲು ಹತ್ತಬೇಕೆಂದು ಸೆತ್ತೀಮಿಯೊಗೆ ಮನವರಿಕೆಯಾಯಿತು.

ಒಂದೇ ಒಂದು ಸಮಾಧಾನ ಉಳಿದಿತ್ತು. ಹೊಸ ಗೋರಿಗೆ ಒಂದು ಹೆಸರಿಟ್ಟು ಸಂಜೆಯೊಳಗೆ ರೋಮಿಗೆ ತಿಳಿಸಬೇಕೆಂದು ಫೌಸ್ತಾ ಹೇಳಿದ್ದಳು. ಒಳಗೆ ಮಲಗಿದವರ ಹೆಸರು ಸಿಗುವುದು ಅಪರೂಪ. ಮನೆಯ ಯಜಮಾನನ ಹೆಸರನ್ನೇ ಇಡುವುದುಂಟು. ಪುಸ್ತಕಗಳಲ್ಲಿ ಬರುತ್ತದೆ, ಬಾಗಿಲಲ್ಲಿ ಫಲಕ ನಿಲ್ಲಿಸುತ್ತಾರೆ. ಸೆತ್ತೀಮಿಯೊ ಮೇಜಿನ ಮುಂದೆ ಕೂತು, ಒಂದು ಬಿಳಿ ಹಾಳೆಯ ಮೇಲೆ, ಜೀವಮಾನದಲ್ಲೇ ಅತ್ಯಂತ ಅಚ್ಚುಕಟ್ಟಾದ ಕೈಬರಹದಲ್ಲಿ ಬರೆದ: ಸೆತ್ತೀಮಿಯೊ ಚೆರಾಸಾ. ಒಂದಕ್ಷರವೂ ಸೊಟ್ಟಗಾಗಬಾರದೆಂದು ನಿಧಾನವಾಗಿ ಬರೆದ. ಶಾಯಿ ಆರಲೆಂದು ಊದಿದ. ಹಾಳೆ ಹಿಡಿದುಕೊಂಡು ಹಿತ್ತಲಿಗೆ ಬಂದ.

ಫೌಸ್ತಾ ಫೋನನ್ನು ಜೇಬಿಗೆ ಸೇರಿಸುತ್ತಿದ್ದಳು. ಏಳು ಮುದುಕರೂ ಅವಳ ಸುತ್ತ ಕೈಕಟ್ಟಿ ನಿಂತಿದ್ದರು. ತಗಡಿನ ಮೇಲೆ ಆಗಲೇ ದಪ್ಪಕ್ಷರದ ಫಲಕ ತೂಗುತ್ತಿತ್ತು.

"ಹೊತ್ತಾಯ್ತು ಅಂತ ನಾನೇ ಕಳಿಸಿಬಿಟ್ಟೆ. ಇದು ಯಾರ ಮನೆ ಅಂತ ಇವರನ್ನ ಕೇಳ್ದೆ, ಎಲ್ಲರೂ ಒಂದೇ ಹೆಸರು ಹೇಳಿದ್ರು" ಅಂದಳು. "ಎಂಥಾ ಮುದ್ದಾದ ಹೆಸರು! ರೋಮಿನವರಿಗೂ ತುಂಬಾ ಇಷ್ಟ ಆಯ್ತು."

ಸೆತ್ತೀಮಿಯೊ ಫಲಕ ಓದಿದ. ಬಸವನಹುಳುವಿನ ಗೋರಿ.

"ಬದಲಾಯಿಸೋಕೆ ಆಗಲ್ವಾ?"

"ಒಂದು ಸಲ ಹೋಯ್ತು ಅಂದ್ರೆ ಹೋಯ್ತು. ಇನ್ನು ಎರಡು ಸಾವಿರ ವರ್ಷ ಆದ್ರೂ ಇದೇ."

ಅವನು ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ. ತಗಡಿನ ಸಂದಿಯಿಂದ ಒಳಗೆ ಇಣುಕಿದ. ಕತ್ತಲಲ್ಲಿ ಕಲ್ಲಿನ ತೊಲೆಗಳು ಮಸುಕಾಗಿ ಕಾಣುತ್ತಿದ್ದವು. ಅದರಾಚೆಗೆ, ನೆರೆಯವರು ಇಟ್ಟ ಹೆಸರನ್ನು ಬೆನ್ನಿಗೆ ಅಂಟಿಸಿಕೊಂಡು, ಪಾಪ, ಯಾರೋ ಮಲಗಿದ್ದರು. ಸೆತ್ತೀಮಿಯೊಗೆ ಮೊದಲ ಬಾರಿಗೆ ಅವರ ಮೇಲೆ ಒಡಹುಟ್ಟಿದವರ ಮೇಲಿನಂಥ ಪ್ರೀತಿ ಉಕ್ಕಿಬಂತು. ಸುತ್ತಮುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಟೋಪಿ ತೆಗೆದು, ಮೆಲ್ಲಗೆ ಅವರ ಸ್ವಂತ ಹೆಸರು ಹಿಡಿದು ಕರೆದ.

"ರಾಸ್ನಾ" ಎಂದ. "ನಾನು ಸೆತ್ತೀಮಿಯೊ."

ಒಳಗಿನಿಂದ ಕೊಂತೆಸ್ಸಾ, ಬಲೆಯ ಕೆಳಗೆ ಅದು ಹೇಗೆ ನುಸುಳಿತ್ತೋ, "ಕೊಕ್ಕೋ" ಎಂದಿತು.